ಶಾಂತಕ್ಕನ ಟೊಮ್ಯಾಟೊ ಎಲ್ಲಿಂದ ನೀರು ಕುಡಿಯಿತು?

ಕಳೆದ ಶನಿವಾರ ಬೆಳಿಗ್ಗೆ ಆರೂವರೆಗೆ ನಾನು ನೆಲದ ಮೇಲೆ ಮಂಡಿಯೂರಿ, ಇನ್ನೊಬ್ಬರ ಟೊಮ್ಯಾಟೊ ಗಿಡದ ಬುಡದೊಳಗೆ ಮೊಣಕೈವರೆಗೆ ಕೈಯಿಳಿಸಿ ಕುಳಿತಿದ್ದೆ. ಸುತ್ತ ಆರು ಜನ ನಿಂತಿದ್ದರು. ನಾನು ಹುಡುಕುತ್ತಿದ್ದದ್ದು ಹಣ್ಣನ್ನಲ್ಲ, ಹುಳುವನ್ನೂ ಅಲ್ಲ. ಕಳವಿನ ಪುರಾವೆಯನ್ನು.

ಕಳವಾದದ್ದು ನೀರು. ದೂರು ಕೊಟ್ಟವಳು ನಾನು. ಆರೋಪಿ ಶಾಂತಕ್ಕ.

ಮೊದಲಿನಿಂದ ಹೇಳುತ್ತೇನೆ.

ಡಲ್ಲಾಸ್ ಪಕ್ಕದ ಯೂಲೆಸ್‌ನಲ್ಲಿ, ವಿಮಾನಗಳು ತಲೆಗೆ ತಾಗುವಷ್ಟು ಕೆಳಗೆ ಹಾರಿ ಇಳಿಯುವ ಒಂದು ಮೂಲೆಯಲ್ಲಿ, ಪರಿಚಯದವರೊಬ್ಬರ ಖಾಲಿ ಜಾಗವಿದೆ. ಅಲ್ಲಿ ಹದಿನೆಂಟು ಕನ್ನಡ ಕುಟುಂಬಗಳು ಸೇರಿ ತರಕಾರಿ ತೋಟ ಮಾಡಿಕೊಂಡಿದ್ದೇವೆ. ಕುಟುಂಬಕ್ಕೊಂದು ತಳವಿಲ್ಲದ ಮರದ ಪೆಟ್ಟಿಗೆ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಅಳತೆ. ಅಂಗಡಿಯಿಂದ ಚೀಲಗಳಲ್ಲಿ ತಂದು ಸುರಿದ ಒಂದೇ ಬಗೆಯ ಮಣ್ಣು. ನೆಲದ ಕಳೆ ಮೇಲೇಳದಂತೆ ಅಡಿಯಲ್ಲಿ ಹಾಸಿದ ಒಂದೇ ಬಗೆಯ ದಪ್ಪ ಕಪ್ಪು ಬಟ್ಟೆ. ನಾನು ಈ ತೋಟದ ಸೆಕ್ರೆಟರಿ. ನಿಯಮಾವಳಿಯನ್ನು ಬರೆದವಳೂ ನಾನೇ. (ಈ ಅಂಕಣದ ಓದುಗರು ಆಶ್ಚರ್ಯಪಡಲಾರರು.)

ಈ ಬೇಸಿಗೆ ಮಳೆ ಕೈಕೊಟ್ಟಿತು. ಜಾಗದ ಒಡೆಯರು, ವಾರಕ್ಕೊಂದು ಟ್ಯಾಂಕ್ ನೀರು, ಅದರ ಮೇಲೆ ಒಂದು ಹನಿಯೂ ಇಲ್ಲ ಎಂದರು. ಆಗ ಏನಾಗುತ್ತದೆ? ಮನೆಯಿಂದಲೇ ಕೆಲಸ ಮಾಡುವವರು ಬೆಳಿಗ್ಗೆ ಬಂದು ಪೈಪ್ ಹಿಡಿದು ನಿಲ್ಲುತ್ತಾರೆ. ಶಿಫ್ಟ್ ಮುಗಿಸಿ ಸಂಜೆ ಬರುವವರ ಪಾಲಿಗೆ ಟ್ಯಾಂಕಿನ ತಳದ ಪಾಚಿ ಉಳಿಯುತ್ತದೆ. ಸ್ಥಾಪಕ ಸದಸ್ಯರ ಬೆಂಡೆ ಹೂ ಬಿಡುತ್ತದೆ, ಹೊಸಬರ ಬದನೆ ಬಾಡುತ್ತದೆ. ಇದನ್ನು ಅನ್ಯಾಯವೆಂದು ಕರೆಯದೆ ಮತ್ತೇನೆಂದು ಕರೆಯುವುದು? ಬರಗಾಲದಲ್ಲಿ ನೀರು ಹಂಚುವುದಕ್ಕಿಂತ ದೊಡ್ಡ ರಾಜಕಾರಣ ಬೇರೆ ಇಲ್ಲ.

ಎರಡು ಸಭೆಗಳಲ್ಲಿ ಜಗಳವಾಡಿ ನಾನು ನಿಯಮ ತಂದೆ. ಶನಿವಾರ ಬೆಳಿಗ್ಗೆ, ಪೆಟ್ಟಿಗೆಗೆ ಎರಡು ಕ್ಯಾನ್ ನೀರು. ಸ್ಥಾಪಕರಿಗೂ ಎರಡು, ನಿನ್ನೆ ಸೇರಿದವರಿಗೂ ಎರಡು. ಉಳಿದ ಆರು ದಿನ ಟ್ಯಾಂಕಿಗೆ ಬೀಗ. ಹೆಚ್ಚಿಗೆ ನೀರು ಹಾಕಿದ್ದು ಗೊತ್ತಾದರೆ ಪೆಟ್ಟಿಗೆಯನ್ನು ಬಿಟ್ಟುಕೊಡಬೇಕು. ಆ ನಿಯಮದ ಬಗ್ಗೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ಬೀದಿಯ ಆಚೆಗಿನ ಕಥೆಯನ್ನೂ ಹೇಳಬೇಕು. ಈ ಊರಿನ ಕಪ್ಪು ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ಅಂಗೈ ಅಗಲ ಬಾಯಿ ಬಿಡುತ್ತದೆ. ಅದರ ಜೊತೆಗೆ ಮನೆಯ ಬುನಾದಿಯೂ ಬಿರುಕು ಬಿಡುತ್ತದೆ. ಆದ್ದರಿಂದ ನಮ್ಮಲ್ಲಿ ಮನೆಯ ಸುತ್ತ ತೂತಿನ ಪೈಪ್ ಹಾಸಿ ಬುನಾದಿಗೆ ನೀರುಣಿಸುತ್ತಾರೆ. (ಹೊಸದಾಗಿ ಬಂದವರು ನಗಬೇಡಿ. ಮನೆ ಕೊಂಡ ಮರುವರ್ಷ ನೀವೂ ಉಣಿಸುತ್ತೀರಿ.) ಬುನಾದಿಗೆ ನೀರುಂಟು. ಯಾರೂ ಕಾಲಿಡದ ಹುಲ್ಲುಹಾಸಿಗೂ ವಾರಕ್ಕೆರಡು ಬಾರಿ ಉಂಟು. ಹುಲ್ಲು ಕಂದಿದರೆ ಬಡಾವಣೆಯ ಸಂಘದಿಂದ ಎಚ್ಚರಿಕೆಯ ಪತ್ರ ಬರುತ್ತದೆ. ಅನ್ನಕ್ಕೆ ಬೇಕಾದ ಗಿಡ ಮಾತ್ರ ಶನಿವಾರಕ್ಕಾಗಿ ಕಾಯಬೇಕು. ಇದು ಎಂಥ ನಾಗರಿಕತೆ?

ಜುಲೈ ಬಂತು. ನನ್ನ ಪೆಟ್ಟಿಗೆಯಲ್ಲಿ ಮೂರು ತಳಿಯ ಟೊಮ್ಯಾಟೊ ಇದ್ದವು. ಒಂದೊಂದೂ ತನ್ನದೇ ರೀತಿಯಲ್ಲಿ ಸೋತಿತು. ಹಿಡಿ ತುಂಬುವ ದೊಡ್ಡ ಹಣ್ಣಿನ ತಳಿ ಹೂ ಬಿಟ್ಟದ್ದೆಲ್ಲ ಉದುರಿಸಿತು. ಸಾಸ್‌ಗೆ ಬಳಸುವ ಉದ್ದುದ್ದ ಹಣ್ಣಿನ ತಳಿಯಲ್ಲಿ ಕಾಯಿಯೇನೋ ಕಚ್ಚಿತು, ಆದರೆ ಪ್ರತಿ ಕಾಯಿಯ ತಳವೂ ಸುಟ್ಟ ಚರ್ಮದಂತೆ ಕಪ್ಪಾಯಿತು. ಗೋಲಿ ಗಾತ್ರದ ಚೆರ್ರಿ ತಳಿಯೊಂದು ಎಲೆಗಳನ್ನು ಬೀಡಿಯಂತೆ ಸುರುಳಿ ಸುತ್ತಿಕೊಂಡು, ಬದುಕಲೋ ಬೇಡವೋ ಎಂದು ಯೋಚಿಸುತ್ತ ನಿಂತಿತು.

ನನ್ನ ಪೆಟ್ಟಿಗೆಯಿಂದ ನಾಲ್ಕನೆಯದು ಶಾಂತಕ್ಕನದು. ಅಲ್ಲಿ ನಾಲ್ಕು ಗಿಡಗಳು. ಹಸಿರಾಗಿದ್ದವು. ಕಾಯಿಯಿತ್ತು. ಹಣ್ಣೂ ಇತ್ತು!

ಶಾಂತಕ್ಕ ಗದಗದ ಕಡೆಯವರು. ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿದೆ. ಬ್ಲೌಸ್ ಹೊಲಿಯುವ, ಸೀರೆಗೆ ಫಾಲ್ ಹಚ್ಚುವ ಅವರ ಅಂಗಡಿಯ ಮೆಟ್ಟಿಲು ಹತ್ತದ ಕನ್ನಡದ ಹೆಂಗಸು ಡಲ್ಲಾಸ್ ಸುತ್ತಮುತ್ತ ಇರಲಾರಳು. ಅಂಗಡಿ ತೆರೆಯುವ ಮೊದಲು, ಸೂರ್ಯ ಏಳುವ ಹೊತ್ತಿಗೆ, ಅವರು ದಿನವೂ ತೋಟಕ್ಕೆ ಬರುತ್ತಾರೆಂದು ನನಗೆ ತಿಳಿಯಿತು. ದಿನವೂ! ಬೀಗ ಹಾಕಿದ ದಿನಗಳಲ್ಲಿ ತೋಟದಲ್ಲಿ ಏನು ಕೆಲಸ?

ಒಂದು ಮಂಗಳವಾರ ಬೆಳಿಗ್ಗೆ ನಾನೂ ಹೋದೆ. ಬೇಲಿಯ ಹೊರಗೆ ಕಾರಿನಲ್ಲೇ ಕುಳಿತು ನೋಡಿದೆ. ಶಾಂತಕ್ಕ ಪೆಟ್ಟಿಗೆಯ ಮೇಲೆ ಬಾಗಿದ್ದರು. ಪಕ್ಕದಲ್ಲಿ ಸ್ಟೀಲಿನ ಚೊಂಬು. ಅವರು ಹೋದ ಮೇಲೆ ಹತ್ತಿರ ಹೋದೆ. ಗಿಡದ ಸುತ್ತ ಮಣ್ಣು ಕಡುಕಪ್ಪಾಗಿತ್ತು, ಅಕ್ಕಪಕ್ಕದ ಪೆಟ್ಟಿಗೆಗಳ ಮಣ್ಣಿನಂತೆ ಬೂದುಬಣ್ಣಕ್ಕೆ ತಿರುಗಿರಲಿಲ್ಲ. ಇನ್ನೇನು ಬೇಕು? ಫೋಟೊ ತೆಗೆದೆ. ತೋಟದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: "ಸಾಮೂಹಿಕ ಸಂಪನ್ಮೂಲದ ಖಾಸಗಿ ಬಳಕೆ ಹಕ್ಕಲ್ಲ, ಅಪರಾಧ."

ಹದಿನೈದರ ಮಗಳು ಅನಿಕಾ ನನ್ನ ಭುಜದ ಮೇಲಿಂದ ಇಣುಕಿದಳು.

"ಅಮ್ಮಾ, ದಿಸ್ ಈಸ್ ಜಸ್ಟ್ ಎ ಪಿಕ್ಚರ್ ಆಫ್ ಡರ್ಟ್."

"ಬೆಳ್‌ಬೆಳಿಗ್ಗೆ ಕಪ್ಪಗಿದೆ ನೋಡು. ಒದ್ದೆ ಮಣ್ಣು."

"ಡಿಡ್ ಯೂ ಟಚ್ ಇಟ್?"

ಮುಟ್ಟಿರಲಿಲ್ಲ. ಆದರೆ ಗ್ರೂಪಿನಲ್ಲಿ ಆಗಲೇ ಕೆಂಪು ಮುಖದ ಇಮೋಜಿಗಳು ಬೀಳತೊಡಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕಮಿಟಿಯ ಅಧ್ಯಕ್ಷ ಪ್ರಕಾಶ್ (ಬೆಂಗಳೂರಿನವರು, ಚಿಪ್ ಡಿಸೈನ್ ಎಂಜಿನಿಯರ್, ಜಗಳವೆಂದರೆ ಜ್ವರ ಬರುವ ಸಜ್ಜನ) ನಿಯಮದಂತೆ ನೋಟಿಸ್ ಕಳಿಸಿದರು. ಶನಿವಾರ ತಪಾಸಣೆ. ತಪ್ಪು ಸಾಬೀತಾದರೆ ಭಾನುವಾರ ಸಂಜೆಯೊಳಗೆ ಪೆಟ್ಟಿಗೆ ಖಾಲಿ.

ಸಂಜೆ ಶಾಂತಕ್ಕನ ಫೋನ್ ಬಂತು. ಕೂಗಾಡುತ್ತಾರೆಂದು ನಾನು ಸಿದ್ಧಳಾಗಿದ್ದೆ.

"ಸೆಕ್ರೆಟರಿ ಮೇಡಂ, ಪೆಟಗಿ ಬೇಕಂದ್ರ ತಗೋರಿ. ಆದ್ರ ಹದಿನೈದ ದಿನ ತಡೀರಿ. ಮೂರನೇ ಗಿಡದಾಗ ನಾಕ ಕಾಯಿ ಅದಾವು. ಅವು ಬೀಜದ ಕಾಯಿ. ಹಣ್ಣಾಗೂತನಕ ಬಿಡ್ರಿ, ಸಾಕು."

"ಬೀಜಾನ ಅಂಗಡಿಯಲ್ಲಿ ತಗೊಳ್ಳಬಹುದಲ್ಲ ಶಾಂತಕ್ಕ?"

"ಈ ಬೀಜ ಯಾ ಅಂಗಡ್ಯಾಗೂ ಇಲ್ರಿ. ಏಳು ವರ್ಷದಿಂದ ನಾನ ಮಾಡೀನಿ."

ಏಳು ವರ್ಷದ ಹಿಂದೆ ಅವರ ಹಿತ್ತಲಿನ ಗೊಬ್ಬರದ ಗುಂಡಿಯಲ್ಲಿ ಒಂದು ಟೊಮ್ಯಾಟೊ ಗಿಡ ತಾನಾಗಿ ಹುಟ್ಟಿತಂತೆ. ಯಾವ ತಳಿಯೋ, ಯಾವ ಸಾರಿಗೆ ಹೆಚ್ಚಿದ ಹಣ್ಣೋ. ನೀರು ಹಾಕಿದವರಿಲ್ಲ, ಆದರೂ ಆಗಸ್ಟ್ ದಾಟಿತು. ಆ ಗಿಡದ ಬೀಜವನ್ನು ಬೂದಿಯಲ್ಲಿ ತಿಕ್ಕಿ ಒಣಗಿಸಿ ಇಟ್ಟರು. ಮರುವರ್ಷ ಹತ್ತು ಸಸಿಗಳಲ್ಲಿ, ಸೆಕೆಯಲ್ಲಿ ಕಾಯಿ ಹಿಡಿದ ಒಂದೇ ಗಿಡದ ಬೀಜ. ಅದರ ಮರುವರ್ಷ ಮತ್ತೆ ಹಾಗೆಯೇ. ಮನೆಯ ಹಿತ್ತಲಿಗೆ ನೆರೆಯವರ ಮರದ ನೆರಳು ಬಂದ ಮೇಲೆ ಎಲ್ಲವನ್ನೂ ಈ ಪೆಟ್ಟಿಗೆಗೆ ತಂದಿದ್ದರು. ಕಳೆದ ಸಲದ ಬೀಜವೆಲ್ಲ ಈ ಸಲವೇ ಮೊಳೆತು ಮುಗಿದಿತ್ತು. ಈ ಸಲ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತ ಗಿಡದ್ದೆಂದು ಬೀಜಕ್ಕೆ ಆರಿಸಿದ್ದು ಆ ನಾಲ್ಕು ಹಸಿ ಕಾಯಿ ಮಾತ್ರ.

"ನಿಯಮ ಎಲ್ಲರಿಗೂ ಒಂದೇ" ಎಂದೆ. ಈ ವಾಕ್ಯವನ್ನು ನಾನು ಎಷ್ಟು ಮೆಚ್ಚುತ್ತೇನೆಂದರೆ, ಅದನ್ನು ಹೇಳುವಾಗ ಎದುರಿಗಿರುವವರ ಮಾತು ಕೇಳಿಸುವುದಿಲ್ಲ.

ಶನಿವಾರಕ್ಕೆ ಬರೋಣ. ಕಮಿಟಿಯ ಎಲ್ಲರೂ, ಶಾಂತಕ್ಕನೂ ಬಂದಿದ್ದರು. ಅನಿಕಾಳೂ ಬಂದಿದ್ದಳು (ಡ್ರೈವಿಂಗ್ ಕಲಿಯುತ್ತಿದ್ದಾಳೆ, ಸ್ಟಿಯರಿಂಗ್ ಸಿಗುವುದಾದರೆ ಸಭೆಗೂ ಬರುತ್ತಾಳೆ). ಪ್ರಕಾಶ್ ತೇವ ಅಳೆಯುವ ಮೀಟರ್ ತಂದಿದ್ದರು. ಉದ್ದ ಕಡ್ಡಿಯ ತುದಿಯನ್ನು ಮಣ್ಣಿಗೆ ಚುಚ್ಚಿದರು.

"ಒಣಗಿದೆ ಮೇಡಂ. ಪೂರ್ತಿ ಒಣಗಿದೆ."

ನಾನು ಮುಟ್ಟಿ ನೋಡಿದೆ. ಕಪ್ಪಾಗಿ ಕಂಡ ಮಣ್ಣು ರಾಗಿಹಿಟ್ಟಿನಷ್ಟು ನಯವಾಗಿ, ಅಷ್ಟೇ ಒಣಗಿ ಬೆರಳಿನಿಂದ ಸೋರಿತು. ಒದ್ದೆಯಾಗಿ ಕಪ್ಪಾದದ್ದಲ್ಲ, ಮೇಲಿನ ಬೂದು ಪದರವನ್ನು ಕೆದಕಿ ಒಡೆದದ್ದರಿಂದ ಕಪ್ಪಾಗಿ ಕಂಡದ್ದು. ಪ್ರಕಾಶ್ ಕಡ್ಡಿಯನ್ನು ಇನ್ನೂ ಆಳಕ್ಕೆ ಒತ್ತಿದರು. ಮುಳ್ಳು ತಟ್ಟನೆ ಮೇಲೇರಿತು.

"ಅಡಿಯಲ್ಲಿ ತೇವ ಇದೆ! ಮೀಟರ್ ಕೆಟ್ಟಿದೆಯಾ?"

"ಮೀಟರ್ ಕೆಟ್ಟಿಲ್ರಿ ಪ್ರಕಾಶ, ನಿಮ್ಮ ಲೆಕ್ಕ ಕೆಟ್ಟೈತಿ" ಎಂದರು ಶಾಂತಕ್ಕ. "ಕೈ ಹಾಕಿ ನೋಡ್ರಿ ಮೇಡಂ. ಬಳಿ ತಗದಿಡ್ರಿ ಮೊದ್ಲ, ಬೇರಿಗಿ ತಾಗೀತು."

ಹೀಗೆ ನಾನು ಮೊಣಕೈವರೆಗೆ ಒಳಗಿಳಿದದ್ದು. ಮೇಲಿನ ಬಿಸಿ ಧೂಳು ದಾಟಿತು. ಚೀಲದ ಮಣ್ಣು ದಾಟಿತು. ಆಮೇಲೆ ಬಟ್ಟೆ ಸಿಗಬೇಕಿತ್ತು. ಸಿಕ್ಕಿದ್ದು ನೀಟಾಗಿ ಕತ್ತರಿಸಿದ ಒಂದು ಅಂಚು. ಅದರ ಕೆಳಗೆ ನನ್ನ ಬೆರಳಿಗೆ ತಂಪಾದ, ಅಂಟಾದ, ಜೀವವಿರುವ ಮಣ್ಣು ತಾಗಿತು. ಅದರೊಳಕ್ಕೆ ಹಗ್ಗದಂಥ ಬೇರುಗಳು ಇಳಿದು ಹೋಗಿದ್ದವು.

"ಅರಿವಿ ನಾನ ಕತ್ತರ್ಸೀನಿ" ಎಂದರು ಶಾಂತಕ್ಕ, ಯಾರೂ ಕೇಳುವ ಮೊದಲೇ. "ಕೆಳಗ ಕರೀ ಎರಿ ಮಣ್ಣ ಐತ್ರಿ, ನಮ್ಮೂರಿನಂಥದ್ದ. ಏಪ್ರಿಲ್‌ನಾಗ ಮಳಿ ಬಂತಲ್ಲ, ಅದ ಎಲ್ಲಿ ಹೋತು? ಅದರ ಹೊಟ್ಯಾಗ ಕುಂತೈತಿ. ಗಿಡಕ್ಕ ದಾರಿ ಬಿಟ್ರ ಅದ ಹೋಗಿ ಕುಡೀತೈತಿ. ಹಿಂಗಾರಿ ಜ್ವಾಳಕ್ಕ ಯಾರ ನೀರ ಹಾಕ್ತಾರ್ರಿ?"

"ಹಾಗಾದರೆ ದಿನಾ ಬೆಳಿಗ್ಗೆ ಬಂದು ಮಾಡೋದೇನು?"

ಅವರು ಚೀಲದಿಂದ ಕಳೆ ಕೀಳುವ ಒಂದು ಪುಟ್ಟ ಕುರ್ಪಿ ತೆಗೆದರು. "ಪೆಟಗಿ ಒಳಗೂ ಸುತ್ತಲೂ ಮಣ್ಣ ಬಾಯಿ ಬಿಡತೈತಿ. ಬಾಯಿ ಬಿಟ್ರ ಒಳಗಿನ ತಂಪೆಲ್ಲ ಹೊರಗ. ಅದಕ್ಕ ಕೆದರಿ ಕೆದರಿ ಬಾಯಿ ಮುಚ್ಚೂದು. ಒಂದ ಸಲ ಎಡಿ ಹೊಡದ್ರ, ಅಂದ್ರ ಹಿಂಗ ಮ್ಯಾಲ ಕೆದರಿದ್ರ, ಒಂದ ನೀರ ಕೊಟ್ಟಂಗ."

"ಮತ್ತೆ ಆ ಚೊಂಬು?" ಎಂದೆ. ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

"ನನಗ ನೀರಡಿಕಿ ಆಗೂದಿಲ್ಲೇನ್ರಿ?"

ಎಲ್ಲರೂ ನಕ್ಕರು. ವಿಮಾನವೊಂದು ಇಳಿಯಿತು; ನಗು ಅದರ ಸದ್ದಿನಲ್ಲಿ ಮುಳುಗಿತು. ನನಗೆ ಉಪಕಾರವಾಯಿತು.

ಸದ್ದು ಅಡಗಿದ ಮೇಲೂ ನನಗೊಂದು ಕುತೂಹಲ ಉಳಿಯಿತು. ಬಟ್ಟೆ ಕತ್ತರಿಸದ ಇತರ ಪೆಟ್ಟಿಗೆಗಳಲ್ಲೂ ಕೆಲವು ಗಿಡಗಳು ಹೇಗೋ ನಿಂತಿದ್ದವು. ನನ್ನವು ಮಾತ್ರ ಎಲ್ಲಕ್ಕಿಂತ ಮೊದಲು ಸೋತದ್ದೇಕೆ? ತಳಿಯ ದೋಷವೆ? ಕೇಳಿದೆ.

ಶಾಂತಕ್ಕ ನನ್ನ ಪೆಟ್ಟಿಗೆಯ ಬಳಿ ಬಂದು, ಸತ್ತೇ ಹೋಗಿದ್ದ ದೊಡ್ಡ ಹಣ್ಣಿನ ಗಿಡವನ್ನು ಎರಡು ಬೆರಳಲ್ಲಿ ಎತ್ತಿದರು. ತೊಟ್ಟಿಲಿನಿಂದ ಮಗುವನ್ನು ಎತ್ತಿದಷ್ಟು ಸುಲಭವಾಗಿ ಬಂತು. ಬೇರೆಲ್ಲ ಮೇಲ್ಮಣ್ಣಿನಲ್ಲೇ ಚಾಪೆಯಂತೆ ಹೆಣೆದುಕೊಂಡಿತ್ತು. ಕೆಳಮುಖವಾಗಿ ಒಂದೆಳೆಯೂ ಇರಲಿಲ್ಲ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೇಡಂ, ಇದು ವಾರಕ್ಕೊಮ್ಮೆ ಕುಡದ ಗಿಡಾ ಅಲ್ರಿ. ದಿನಾ ಕುಡದೈತಿ. ಗುಟುಕ ಗುಟುಕ."

"ಇಲ್ಲ ಶಾಂತಕ್ಕ, ಶನಿವಾರ ಬಿಟ್ಟರೆ ನಾನು ಟ್ಯಾಂಕ್ ಮುಟ್ಟಿಲ್ಲ."

"ಅಮ್ಮಾ," ಎಂದಳು ಅನಿಕಾ, "ದ ರೈಸ್ ವಾಟರ್."

ಓದುಗರೇ, ಈಗ ನನ್ನದನ್ನೂ ಹೆಸರಿಟ್ಟು ಹೇಳಬೇಕು. ಅಕ್ಕಿ ತೊಳೆದ ನೀರನ್ನು ಚೆಲ್ಲಬಾರದೆಂಬುದು ನಾನು ಮೈಸೂರಿನಿಂದ ಹೊತ್ತು ತಂದ ಸಂಸ್ಕಾರ. ಪ್ರತಿ ಸಂಜೆ ವಾಕಿಂಗ್ ಹೊರಡುವಾಗ ಒಂದು ಬಾಟಲಿ ಗಂಜಿಬಣ್ಣದ ನೀರನ್ನು ತಂದು ನನ್ನ ಮೂರು ಗಿಡಗಳಿಗೆ ಸುರಿಯುತ್ತಿದ್ದೆ. ಅದು ಟ್ಯಾಂಕಿನ ನೀರಲ್ಲ, ಮರುಬಳಕೆಯ ನೀರು. ಆದ್ದರಿಂದ ಅದು ಪುಣ್ಯವೇ ಹೊರತು ಉಲ್ಲಂಘನೆಯಲ್ಲ ಎಂದು ನಂಬಿದ್ದೆ. ನಿಯಮದಲ್ಲಿ ಇದ್ದದ್ದು "ಹೆಚ್ಚಿಗೆ ನೀರು" ಎಂಬ ಪದ. "ಟ್ಯಾಂಕಿನ" ಎಂಬ ಪದ ಇರಲಿಲ್ಲ. ಬರೆದವಳು ನಾನು. ಮುರಿದವಳೂ ನಾನು. ಸಿಕ್ಕಿಸಿದ್ದು ಇನ್ನೊಬ್ಬರನ್ನು.

ಅದಕ್ಕಿಂತ ವಿಚಿತ್ರವಾದದ್ದು ಆ ನೀರು ಮಾಡಿದ ಕೆಲಸ. ದಿನವೂ ಮೇಲೆಯೇ ಗುಟುಕು ಸಿಗುವಾಗ ಬೇರು ಕೆಳಗೆ ಯಾಕೆ ಹೋದೀತು? ಮೇಲೆಯೇ ಮಲಗಿತು. ಜುಲೈ ಬಂದು ಮೇಲ್ಮಣ್ಣು ಬಾಣಲೆಯಾದಾಗ ಬಾಣಲೆಯಲ್ಲೇ ಹುರಿದುಹೋಯಿತು. ಕಾಯಿಯ ತಳ ಕಪ್ಪಾದದ್ದೂ ಅದಕ್ಕೇ. ಶನಿವಾರ ನೆರೆ, ಉಳಿದ ದಿನ ಗುಟುಕು. ನೀರು ಹೀಗೆ ಏರುಪೇರಾದರೆ ಕಾಯಿಯ ತುದಿಗೆ ಸುಣ್ಣದ ಸತ್ವ ಮುಟ್ಟುವುದಿಲ್ಲವಂತೆ.

ಆದರೆ ಎಲ್ಲವೂ ಬೇರಿನ ಕಥೆಯಲ್ಲ, ತಳಿಯ ಕಥೆಯೂ ಇದೆ. ವಾರವಿಡೀ ಅದನ್ನೇ ಓದಿದೆ, ಕೇಳಿದೆ. ದೊಡ್ಡ ಹಣ್ಣಿನ ತಳಿಗಳಿಗೆ ರಾತ್ರಿಯಾದರೂ ತಂಪಾಗಬೇಕು. ನಮ್ಮ ಊರಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಹೂವಿನ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಅದಕ್ಕೆ ಎಷ್ಟು ನೀರು ಸುರಿದರೂ ಉತ್ತರವಲ್ಲ. ಚಿಕ್ಕ ಹಣ್ಣಿನವು ಅಷ್ಟು ಹಟಮಾರಿಗಳಲ್ಲ, ಸೆಕೆಯ ನಡುವೆಯೂ ಒಂದೆರಡು ಕಾಯಿ ಕಟ್ಟುತ್ತವೆ. ಒಂದೇ ಸಲಕ್ಕೆ ಹಣ್ಣು ಕೊಟ್ಟು ಮುಗಿಸುವ ಗಿಡ್ಡ ತಳಿಗಳು ಜಾಣರು: ಜೂನ್‌ನೊಳಗೇ ಲೆಕ್ಕ ಚುಕ್ತಾ ಮಾಡಿ ಹೊರಡುತ್ತವೆ. ಇನ್ನು ಸುರುಳಿ ಸುತ್ತಿದ ಆ ಎಲೆಗಳು? ನಾನು ರೋಗವೆಂದು ತಿಳಿದಿದ್ದೆ. ಅಲ್ಲ. ಬಿಸಿಲಿಗೆ ಮೈಯೊಡ್ಡುವ ಜಾಗವನ್ನು ಕಡಿಮೆ ಮಾಡಿಕೊಂಡು ಗಿಡ ತನ್ನ ಬೆವರನ್ನು ಉಳಿಸುತ್ತಿತ್ತು. ಮಧ್ಯಾಹ್ನ ಜೋತುಬಿದ್ದ ಗಿಡ ಮುಂಜಾವಿಗೆ ತಾನೇ ಏಳುತ್ತದೆ. ಆ ಹೊತ್ತಿನಲ್ಲಿ ಅಯ್ಯೋ ಪಾಪವೆಂದು ಬಾಟಲಿ ಹಿಡಿದು ಓಡುವವರಿಂದ ಅದಕ್ಕೆ ಒಳಿತಿಗಿಂತ ಕೆಡುಕೇ ಹೆಚ್ಚು.

ಶಾಂತಕ್ಕ ಅಲ್ಲಿಯೇ ಒಂದು ಹಣ್ಣನ್ನು ಕಿತ್ತು ಸೆರಗಿನಲ್ಲಿ ಒರೆಸಿ ಕೊಟ್ಟರು. ನಿಂಬೆಗಿಂತ ಚಿಕ್ಕದು, ಸಿಪ್ಪೆ ದಪ್ಪ, ರಸ ಕಡಿಮೆ. ಕಚ್ಚಿದೆ. ಹುಳಿಯೂ ಸಿಹಿಯೂ ಒಟ್ಟಿಗೆ ಕಿವಿಯವರೆಗೆ ಏರಿತು. ಅಂಗಡಿಯ ಹಣ್ಣಿನಲ್ಲಿ ನಾವು ಕೊಳ್ಳುತ್ತಿರುವುದು ಬಹುಪಾಲು ನೀರೇ ಅಲ್ಲವೆ ಎನ್ನಿಸಿತು.

ಪ್ರಕಾಶ್ ಕೆಮ್ಮಿದರು. "ನೀರಿನ ಆರೋಪ ಕ್ಲಿಯರ್ ಆಯ್ತು. ಆದ್ರೆ ಮೇಡಂ, ಬಟ್ಟೆ ಕತ್ತರಿಸೋದು ಒಂಬತ್ತನೇ ನಿಯಮಕ್ಕೆ ವಿರುದ್ಧ. ಅದಕ್ಕೂ ಪೆಟ್ಟಿಗೆ ವಾಪಸ್ ಅಂತಾನೇ ಇದೆ. ಡ್ರಾಫ್ಟ್ ಮಾಡಿದ್ದು ನೀವೇ."

ನಾನೇ. ಎಲ್ಲರಿಗೂ ಒಂದೇ ಮಣ್ಣಿರಲಿ, ಒಬ್ಬರ ಪೆಟ್ಟಿಗೆಯ ಕಳೆ ಇನ್ನೊಬ್ಬರಿಗೆ ಹಬ್ಬದಿರಲಿ ಎಂದು ಬರೆದದ್ದು. ಆ ದಿನ ಶಾಂತಕ್ಕ ಸಭೆಯಲ್ಲಿ ಎದ್ದುನಿಂತು "ಅಡ್ಡ ಅರಿವಿ ಬ್ಯಾಡ್ರಿ" ಎಂದಿದ್ದರು. ಮಿನಿಟ್ಸ್‌ನಲ್ಲಿ ನಾನು ಅದನ್ನು ದಾಖಲಿಸಿಯೂ ಇರಲಿಲ್ಲ. ಸಂಖ್ಯೆ ಸಹಿತ ನಿಯಮ ಬರೆಯುವ ನಮ್ಮಂಥವರಿಗೆ, ಬ್ಲೌಸ್ ಹೊಲಿಯುವ ಹೆಂಗಸಿನ ಕೃಷಿಜ್ಞಾನ ಅಭಿಪ್ರಾಯವಾಗಿಯೂ ಕೇಳಿಸುವುದಿಲ್ಲ. ಇದಕ್ಕೂ ಒಂದು ಹೆಸರಿದೆ. ಬೇರೆಯವರು ಮಾಡಿದಾಗ ನಾನು ಅದನ್ನು ಈ ಅಂಕಣದಲ್ಲಿ ಎಷ್ಟೋ ಸಲ ಬಳಸಿದ್ದೇನೆ: ಮೇಲ್ವರ್ಗದ ಅಹಂಕಾರ.

"ಒಂಬತ್ತನೇ ನಿಯಮವನ್ನು ಇಲ್ಲಿಯೇ ತೆಗೆದುಹಾಕೋಣ" ಎಂದೆ. "ಹೆಚ್ಚಿಗೆ ನೀರು ಹಾಕಿದ್ದಕ್ಕೆ ನನ್ನ ಪೆಟ್ಟಿಗೆಯನ್ನು ವಾಪಸ್ ತಗೊಳ್ಳಿ."

"ಅಯ್ಯೋ, ಅಷ್ಟೆಲ್ಲ ಯಾಕೆ ಮೇಡಂ, ಇಬ್ಬರದ್ದೂ ಬಿಟ್ಟುಬಿಡೋಣ" ಎಂದರು ಪ್ರಕಾಶ್.

"ಇಬ್ಬರದ್ದೂ ಅಂದ್ರೇನು?" ಶಾಂತಕ್ಕ ಕುರ್ಪಿಯನ್ನು ನೆಲಕ್ಕೆ ಊರಿದರು. "ನಾನೂ ಕಳ್ಳಿ, ಅವರೂ ಕಳ್ಳಿ ಅಂತ ಸಮ ಮಾಡ್ತೀರೇನು? ನಾ ನೀರ ಕದ್ದಿಲ್ಲ. ಅಷ್ಟ ಬರೀರಿ, ಫೋಟೊ ಹಾಕಿದಲ್ಲೇ ಬರೀರಿ."

ಕೈ ಎತ್ತಿ ಮತ ಹಾಕಿದೆವು. ಒಂಬತ್ತನೇ ನಿಯಮ ಹೋಯಿತು. ನಾಲ್ಕು ಕಾಯಿಗಳೂ ಗಿಡದಲ್ಲೇ ಉಳಿದವು. ನಾನು ಗ್ರೂಪಿನಲ್ಲಿ ಬರೆದೆ: ನೀರು ಕಳವಾಗಿಲ್ಲ, ಸುಳ್ಳು ಹೇಳಿದ್ದು ನನ್ನ ಫೋಟೊ, ಹೆಚ್ಚಿಗೆ ನೀರು ಹಾಕಿದವಳು ನಾನು. (ಆರೋಪಕ್ಕೆ ಬಿದ್ದ ಇಮೋಜಿಗಳಲ್ಲಿ ಕಾಲುಭಾಗವೂ ಇದಕ್ಕೆ ಬೀಳಲಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.)

ತೋಟದ ಗೇಟಿನ ನನ್ನ ಬೀಗದ ಕೈಯನ್ನು ಪ್ರಕಾಶ್ ಕೈಗೆ ಕೊಡಲು ಹೋದಾಗ ಶಾಂತಕ್ಕ ತಡೆದರು. "ಬಿಟ್ಟು ಹೋದ್ರ ಕಲಿಯೂದು ಯಾವಾಗ್ರಿ?" ಎಂದು ಅಂಗಡಿಯ ದೊಡ್ಡ ಕತ್ತರಿಯನ್ನು ನನ್ನ ಕೈಗಿಟ್ಟರು. ಶನಿವಾರದ ನೀರಿಗೆಂದು ಬಂದಿದ್ದ ಇತರ ಪೆಟ್ಟಿಗೆಗಳ ಒಡೆಯರೂ ಒಬ್ಬೊಬ್ಬರಾಗಿ ಬಂದು, ನಮ್ಮದಕ್ಕೂ ಸ್ವಲ್ಪ ತೋರಿಸಿ ಎಂದು ಅವರ ಹಿಂದೆ ನಿಂತರು.

ಸಮಪಾಲಿನ ಮೇಲಿನ ನನ್ನ ನಂಬಿಕೆ ಕದಲಿಲ್ಲ. ಶನಿವಾರದ ಎರಡು ಕ್ಯಾನ್ ಹಾಗೆಯೇ ಮುಂದುವರಿಯುತ್ತದೆ. ಆದರೆ ಒಂದು ಪ್ರಶ್ನೆ ಮಾತ್ರ ಬಿಡುತ್ತಿಲ್ಲ: ಆ ಹದಿನೆಂಟು ಪೆಟ್ಟಿಗೆಗಳಿಗೆ ನಾನು ಇಷ್ಟು ದಿನ ಸಮನಾಗಿ ಹಂಚಿದ್ದು ನೀರನ್ನೊ, ನನ್ನ ಅಜ್ಞಾನವನ್ನೊ?